ಜೋಳದ ರೊಟ್ಟಿ, ಖಾಂದಾನು ಮತ್ತು ಮನಸ್ಸಿನ ಕಾಯಿಲೆ

ರಾವೂರಿನಲ್ಲಾಗಲಿ, ಚಿತ್ತಾಪುರ, ಸೇಡಂ ಕಡೆಯಲ್ಲಾಗಲಿ ಸಂಬಂಧ ನೋಡಲು ಹೋದವರು ಮೆಲ್ಲಗೆ ಒಂದು ಮಾತು ವಿಚಾರಿಸುತ್ತಾರೆ: ಅವರ ಖಾಂದಾನಿನಲ್ಲಿ ಯಾರಿಗಾದರೂ ತಲೆ ಕೆಟ್ಟಿದೆಯೇ? ಈ ಪ್ರಶ್ನೆಗೆ ಹೆದರಿ ನಮ್ಮಲ್ಲಿ ಎಷ್ಟೋ ಮನೆಗಳು ರೋಗಿಯನ್ನು ಒಳಕೋಣೆಯಲ್ಲಿ ಮುಚ್ಚಿಡುತ್ತವೆ. ಮಗಳ ನಿಕಾಹ್ ಮುಗಿಯಲಿ, ಆಮೇಲೆ ಡಾಕ್ಟರಿಗೆ ತೋರಿಸೋಣ ಎನ್ನುತ್ತಾರೆ. ರಕ್ತದಲ್ಲೇ ಬಂದದ್ದು ಎಂಬ ಈ ನಂಬಿಕೆ ಎಷ್ಟು ಸರಿ? ಉತ್ತರ ಕೊಡುವ ಒಂದು ಇತಿಹಾಸ ನಮ್ಮ ಊಟದ ತಟ್ಟೆಯಲ್ಲೇ ಇದೆ.

ಪೆಲಗ್ರಾ ಎಂಬ ರೋಗದ ಹೆಸರನ್ನು ಈಗಿನವರು ಕೇಳಿರಲಾರರು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಮನಸ್ಸು ಕೆಡುತ್ತದೆ. ನೂರು ವರ್ಷಗಳ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಬಡವರನ್ನು ಸಾವಿರಗಟ್ಟಲೆ ಕೊಂದಿತು. ಇದು ಅಂಟುರೋಗ ಎಂದು ಕೆಲವರು ಹೇಳಿದರು. ಚಾರ್ಲ್ಸ್ ಡಾವೆನ್‌ಪೋರ್ಟ್ ಎಂಬ ವಿಜ್ಞಾನಿ 1916ರಲ್ಲಿ ವಂಶದ ದೋಷವೇ ಇದಕ್ಕೆ ದಾರಿ ಮಾಡುತ್ತದೆ ಎಂದು ವಾದಿಸಿದ. ಆದರೆ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದ್ದರು. ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳಿಗೆ ಪೆಲಗ್ರಾ ಬರುತ್ತಿತ್ತು, ಅವರ ಜೊತೆಗೇ ಇರುವ ದಾದಿಯರಿಗೆ ಬರುತ್ತಿರಲಿಲ್ಲ. ಇಬ್ಬರ ಊಟ ಬೇರೆ ಬೇರೆ! ಹಾಲು, ಮೊಟ್ಟೆ, ಮಾಂಸ, ಕಾಳು ಕೊಟ್ಟಾಗ ರೋಗ ಮಾಯವಾಯಿತು. ಕೊರತೆಯಾಗಿದ್ದದ್ದು ನಿಯಾಸಿನ್ ಎಂಬ ವಿಟಮಿನ್ ಎಂದು 1937ರ ಸುಮಾರಿಗೆ ತಿಳಿಯಿತು.

ಅಲ್ಲಿ ಮೆಕ್ಕೆಜೋಳ, ನಮ್ಮಲ್ಲಿ ಬಿಳಿಜೋಳ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅದೇ ದಖನ್ ನೆಲದ, ಜೋಳವನ್ನೇ ನಂಬಿದ ಬಡವರು ಪೆಲಗ್ರಾ ಹಿಡಿದು ಹೈದರಾಬಾದಿನ ಆಸ್ಪತ್ರೆಗಳಿಗೆ ಬರುತ್ತಿದ್ದರು. ಅವರಲ್ಲಿ ಅನೇಕರು ಮಂಕಾಗಿ ಕುಳಿತಿರುತ್ತಿದ್ದರು, ಖಿನ್ನತೆ ಕಾಣುತ್ತಿತ್ತು. ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ನಿಯಾಸಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆ ಎಂಬುದು ಅವರ ವಾದ. ಆ ವಾದದ ಮೇಲೆ ಮುಂದೆ ಚರ್ಚೆ ನಡೆಯಿತು, ಆದರೆ ವಿಟಮಿನ್ ಕೊಟ್ಟ ಕೆಲವೇ ದಿನಗಳಲ್ಲಿ ರೋಗಿಯ ಮನಸ್ಸು ತಿಳಿಯಾಗುತ್ತಿದ್ದುದರಲ್ಲಿ ಅನುಮಾನವಿಲ್ಲ. ಎಷ್ಟು ಜನ ಈ ಹೊತ್ತಿನಲ್ಲಿ ‘ಹುಚ್ಚರ ಮನೆತನ’ ಎಂಬ ಹೆಸರು ಹೊತ್ತು ಹೋಗಿರಬಹುದು!

ಹಾಗೆಂದು ಜೋಳವನ್ನು ನಾವು ದೂರುತ್ತಿಲ್ಲ. ಬ್ಯಾಳಿ, ಶೇಂಗಾ ಹಿಂಡಿ, ಹಾಲು ಮೊಸರು ಜೊತೆಗಿದ್ದರೆ ರೊಟ್ಟಿಯಂಥ ಊಟವಿಲ್ಲ. ಬರೀ ರೊಟ್ಟಿ, ಖಾರ, ಉಳ್ಳಾಗಡ್ಡಿಯ ಮೇಲೆ ವರ್ಷ ದೂಡಿದ ಬಡತನವೇ ರೋಗ ತಂದದ್ದು.

ಎಲ್ಲ ಮಾನಸಿಕ ಕಾಯಿಲೆಯೂ ಊಟದಿಂದ ಬರುವುದಿಲ್ಲ, ವಂಶಕ್ಕೂ ಪಾಲಿದೆ. ಸ್ಕಿಜೋಫ್ರೇನಿಯಾ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಸಂಬಂಧ ಮುರಿಯುವವರು ಈ ಲೆಕ್ಕ ನೋಡುವುದೇ ಇಲ್ಲ.

ಇನ್ನು ಯೋಚನೆಯ ಅಭ್ಯಾಸ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ವೈದ್ಯರು ದೇಹವನ್ನಷ್ಟೇ ನೋಡಿ ಮನಸ್ಸನ್ನು ಬಿಡುತ್ತಾರೆ ಎಂಬುದು ಅವರ ದೂರು. ದುಃಖದಲ್ಲಿ ಎರಡು ಬಗೆ ಎಂದರು. ಕಾರಣ ತಿಳಿದಿರುವ ದುಃಖಕ್ಕೆ ಯೋಚನೆಯನ್ನು ತಿದ್ದಿಕೊಳ್ಳಬೇಕು. ಕಾರಣ ಕಾಣದ ದುಃಖದ ಬೇರು ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆ ಬೇಕು. ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ವಿಚಾರಗಳನ್ನು ಮನೆಯಲ್ಲಿ ಔಷಧಿ ಇಟ್ಟುಕೊಂಡಂತೆ ಕೂಡಿಟ್ಟುಕೊಳ್ಳಿ ಎಂದೂ ಹೇಳಿದರು. ಅಂದರೆ ಖಿನ್ನತೆಯವನಿಗೆ ‘ಈಮಾನ್ ಕಡಿಮೆ’ ಎನ್ನುವ ನಮ್ಮ ಬಾಯಿಗೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿತ್ತು.

ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಈ ಕಾಯಿಲೆಗಳಿಗೆ ಔಷಧಿ ಸಿಗುವಂತೆ ಮಾಡಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.