ನೆತ್ತರು ತುಂಬಿದ ಗೆಡ್ಡೆ

ಹುಡುಗರ ಮೂಗಿನಿಂದ ನೆತ್ತರು ಬಂದರೆ ರಾಣೇಬೆನ್ನೂರು ಸೀಮೆಯಲ್ಲಿ ಮೊದಲು ಕೇಳುವ ಮಾತು ‘ಉಷ್ಣ ಆಗೇತಿ’. ತಲೆಗೆ ತಣ್ಣೀರು ಹೊಯ್ಯುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಹೆಚ್ಚಿನ ಸಲ ನೆತ್ತರು ತಾನಾಗಿಯೇ ನಿಲ್ಲುವುದರಿಂದ ಈ ನಂಬಿಕೆಯೂ ಉಳಿದುಬಂದಿದೆ.

ಆದರೆ ಹರೆಯದ ಹುಡುಗನ ಒಂದೇ ಹೊಳ್ಳೆ ಕಟ್ಟಿಕೊಂಡು, ಮತ್ತೆ ಮತ್ತೆ ನೆತ್ತರು ಸುರಿಯುತ್ತಿದ್ದರೆ ಕಾರಣ ಬೇರೆ ಇರಬಹುದು. ಮೂಗಿನ ಹಿಂಬದಿಯಲ್ಲಿ, ಗಂಟಲಿನ ಮೇಲ್ಭಾಗದಲ್ಲಿ ಬೆಳೆಯುವ ಆಂಜಿಯೋಫೈಬ್ರೋಮಾ ಎಂಬ ಅಪರೂಪದ ಗೆಡ್ಡೆ ಅದು. ಕ್ಯಾನ್ಸರ್ ಅಲ್ಲ, ದೂರದ ಅಂಗಗಳಿಗೆ ಹರಡುವುದಿಲ್ಲ. ಆದರೂ ಕಣ್ಣಿನ ಗುಳಿಗೆ, ತಲೆಬುರುಡೆಯ ಬುಡಕ್ಕೆ ನುಗ್ಗಬಲ್ಲದು. ಅದರ ರಕ್ತನಾಳಗಳ ಗೋಡೆಯಲ್ಲಿ ಕುಗ್ಗುವ ಸ್ನಾಯು ಸರಿಯಾಗಿಲ್ಲದ ಕಾರಣ, ಕೊಯ್ದರೆ ನೆತ್ತರು ಸುಲಭಕ್ಕೆ ನಿಲ್ಲದು. ‘ದುರ್ಮಾಂಸ’ವೆಂದು ಭಾವಿಸಿ ಚೂರು ಕತ್ತರಿಸಿದರೂ ಜೀವಕ್ಕೆ ಅಪಾಯ.

ಸುಶ್ರುತ ಸಂಹಿತೆಯ ಉತ್ತರತಂತ್ರ ಮೂಗಿನ 31 ರೋಗಗಳನ್ನು ಎಣಿಸುತ್ತದೆ. ಅರ್ಶ ಮತ್ತು ಅರ್ಬುದಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಗ್ರೀಸಿನ ಹಿಪೊಕ್ರೆಟಿಸ್ ಪರಂಪರೆಯ ವೈದ್ಯರು ದಾರಕ್ಕೆ ಸ್ಪಂಜು ಕಟ್ಟಿ, ಮೂಗಿನ ಮೂಲಕ ಎಳೆದು ದುರ್ಮಾಂಸ ಕೀಳುತ್ತಿದ್ದರು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ಆಗಿನ ಆಧಾರ.

1841ರಲ್ಲಿ ಲಂಡನ್ನಿನ ರಾಬರ್ಟ್ ಲಿಸ್ಟನ್ ಇಂಥ ಗೆಡ್ಡೆಯನ್ನು ಯಶಸ್ವಿಯಾಗಿ ತೆಗೆದರು. ಅವರೇ ಈಥರ್ ಕೊಟ್ಟು ಶಸ್ತ್ರಕ್ರಿಯೆ ಮಾಡಿದ್ದು 1846ರಲ್ಲಿ; ಅಂದರೆ ಈ ರೋಗಿ ಎಚ್ಚರವಿದ್ದೇ ಅದನ್ನು ಸಹಿಸಿದ್ದ. 1847ರಲ್ಲಿ ಜರ್ಮನಿಯ ಚೆಲಿಯಸ್, ಈ ಗೆಡ್ಡೆ ಹರೆಯ ಬರುವ ವಯಸ್ಸಿನಲ್ಲೇ ಕಾಣಿಸುತ್ತದೆಂದು ಗುರುತಿಸಿದರು. 1940ರಲ್ಲಿ ಫ್ರೀಡ್‌ಬರ್ಗ್ ‘ಆಂಜಿಯೋಫೈಬ್ರೋಮಾ’ ಎಂದು ಕರೆದರು. ನಾರಿಗಿಂತ ನೆತ್ತರಿನ ನಾಳಗಳೇ ಇಲ್ಲಿ ಮುಖ್ಯವೆಂಬ ತಿಳಿವಳಿಕೆ ಆ ಹೆಸರಿನಲ್ಲಿದೆ. 1970ರ ದಶಕದಲ್ಲಿ ಈ ತಿಳಿವಳಿಕೆ ಉಪಾಯವಾಯಿತು: ಗೆಡ್ಡೆಗೆ ನೆತ್ತರು ಹರಿಸುವ ನಾಳವನ್ನು ಮೊದಲೇ ಮುಚ್ಚಿ, ಆಮೇಲೆ ಶಸ್ತ್ರಕ್ರಿಯೆ. ಸಿ.ಟಿ. ಸ್ಕ್ಯಾನ್ ಬಂದದ್ದೂ ಅದೇ ದಶಕದಲ್ಲಿ. ಮುಂದೆ ಎಂಡೋಸ್ಕೋಪು ಬಂದು, ಅನೇಕರಿಗೆ ಮುಖ ಕೊಯ್ಯುವುದೂ ತಪ್ಪಿತು.

ತುಂಗಭದ್ರೆಯ ದಡದ ಕುಮಾರಪಟ್ಟಣಕ್ಕೆ ಈ ಚರಿತ್ರೆ ಆಸ್ಪತ್ರೆಗಳ ರೂಪದಲ್ಲಿ ಹತ್ತಿರವಾಯಿತು. ಒಂದು ಕಾಲಕ್ಕೆ ಉತ್ತರ ಕರ್ನಾಟಕದವರು ದೊಡ್ಡ ಶಸ್ತ್ರಕ್ರಿಯೆಗೆ, 1894ರಲ್ಲಿ ಶುರುವಾದ ಮಿರಜಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಯಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ಹೊಳೆ ದಾಟಿದರೆ ಹರಿಹರ, ಮುಂದೆ ದಾವಣಗೆರೆ.

ಈಗ ಕಡಿಮೆಯಾಗಬೇಕಾದ್ದು ಮೊದಲ ನೆತ್ತರಿಗೂ ಮೊದಲ ಸ್ಕ್ಯಾನಿಗೂ ನಡುವಿನ ಕಾಲ. ಗೆಡ್ಡೆ ಚಿಕ್ಕದಿದ್ದಾಗ ತೆಗೆಯುವುದು ಸುಲಭ. ಅದನ್ನು ಬೆಳೆಯಗೊಡುವುದು ‘ಉಷ್ಣ’ ಎಂದು ಕಳೆದ ತಿಂಗಳುಗಳು.