ಸಕ್ಕರೆ ಬದಲಿಗಳು: ಕಬ್ಬಿನ ಸೀಮೆಯಲ್ಲಿ ಕಡಿಮೆ ಕಾರ್ಬ್ ಪಥ್ಯ

ನಾಲಿಗೆಗೆ ಸಿಹಿ ಕೊಟ್ಟೂ ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸದ ಪದಾರ್ಥಗಳೇ ಸಕ್ಕರೆ ಬದಲಿಗಳು. ಅನ್ನ, ರೊಟ್ಟಿ, ಸಿಹಿತಿಂಡಿ ಕಡಿಮೆ ಮಾಡಿದವರ ಚಹಾಕ್ಕೆ ಇವೇ ಆಸರೆ.

ಕಬ್ಬಿನ ಸೀಮೆಯಾದ ಹುಕ್ಕೇರಿ ತಾಲ್ಲೂಕಿನಲ್ಲಿ ಕಾರ್ಬೋಹೈಡ್ರೇಟ್ (ಕಾರ್ಬ್) ಇಳಿಸುವ ಈ ಪಥ್ಯ ಹಿಡಿಯುವುದು ಸುಲಭವಲ್ಲ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಪಕ್ಕದ ಗೋಕಾಕದಲ್ಲಿ ಕರದಂಟು ಎಂಬ ಬೆಲ್ಲದ ಸಿಹಿತಿಂಡಿ. ಬೆಲ್ಲ ನೈಸರ್ಗಿಕ, ಹಾಗಾಗಿ ನಡೆಯುತ್ತದೆ ಎಂದು ನಂಬುವವರೂ ಉಂಟು. ಅದು ತಪ್ಪು, ಬೆಲ್ಲದ ಬಹುಪಾಲು ಸುಕ್ರೋಸೇ.

ಕೃತಕ ಬದಲಿಗಳಲ್ಲಿ ಹಳೆಯದು 1879ರಲ್ಲಿ ಪತ್ತೆಯಾದ ಸ್ಯಾಕರಿನ್. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಸ್ಟೀವಿಯಾ ಸಾರ 200ರಿಂದ 300 ಪಟ್ಟು. ಎರಿಥ್ರಿಟಾಲ್‌ನ ಸಿಹಿ ಸಕ್ಕರೆಯ ಶೇ. 70ರಷ್ಟೇ.

ಅಡುಗೆಮನೆಯ ನಿಜವಾದ ತೊಡಕು ಪಾಕದ್ದು. ಕರದಂಟಿಗೆ ಬೆಲ್ಲ ಕುದಿಸುವಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆಯಾಗುತ್ತದೆಯೇ ಎಂದು ನೋಡುತ್ತಾರೆ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಹಿಡಿದಿಡುವುದು ಆ ಪಾಕವೇ. ಚಿಟಿಕೆ ಸ್ಟೀವಿಯಾ ಸಿಹಿ ಕೊಟ್ಟೀತು, ಪಾಕ ಕೊಡದು. ಎರಿಥ್ರಿಟಾಲ್ ಆರಿದೊಡನೆ ಹರಳುಗಟ್ಟುತ್ತದೆ. ಬೆಲ್ಲ ಬಿಟ್ಟು ಖರ್ಜೂರ ಅರೆದು ಹಾಕಿದರೆ ಉಂಡೆ ನಿಲ್ಲುತ್ತದೆ, ಆದರೆ ಕಾರ್ಬ್ ತಪ್ಪುವುದಿಲ್ಲ.

ಪೊಟ್ಟಣದ ಹಿಂಬದಿ ಓದುವುದು ತೀರಾ ಅಗತ್ಯ: ಕೆಲವು ಪುಡಿಗಳಲ್ಲಿ ತೂಕಕ್ಕೆಂದು ಮಾಲ್ಟೋಡೆಕ್ಸ್‌ಟ್ರಿನ್ ಬೆರೆತಿರುತ್ತದೆ, ಅದು ಕಾರ್ಬೋಹೈಡ್ರೇಟೇ. ತೂಕ ನಿಯಂತ್ರಣಕ್ಕೆ ಸ್ಯಾಕರಿನ್, ಸುಕ್ರಲೋಸ್, ಸ್ಟೀವಿಯಾದಂಥವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಇಳಿಸುವ ಮೊದಲು ವೈದ್ಯರನ್ನು ಕಾಣಬೇಕು, ಔಷಧದ ಪ್ರಮಾಣ ಬದಲಿಸದಿದ್ದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.