ಕಲ್ಲಿನ ಕಿಟಕಿ, ಹಿಗ್ಗುವ ಸಲಾಕೆ: ಪರದೆ ತೂಗುವ ಸಾಧನಗಳ ಬೆಳವಣಿಗೆ

ಬಾಗಿಲು ಕಿಟಕಿಗಳ ಪರದೆಯನ್ನು ಕುರಿತು ಮಾತೆತ್ತಿದೊಡನೆ ನಮ್ಮ ಲಕ್ಷ್ಯವು ಬಟ್ಟೆಯ ಬಣ್ಣಕ್ಕೂ ಅಂಚಿಗೂ ಹರಿಯುವುದೇ ಹೊರತು, ಆ ಬಟ್ಟೆಯ ಭಾರವನ್ನು ಹಗಲಿರುಳೂ ಹೊತ್ತ ಸಲಾಕೆಯತ್ತ, ಆ ಸಲಾಕೆಯನ್ನು ಗೋಡೆಗೆ ಬಂಧಿಸಿದ ಕೊಂಡಿಯತ್ತ ಹರಿಯುವುದು ವಿರಳ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು ಇವುಗಳಿಂದ ಪ್ರಖ್ಯಾತವಾದ ಬಾಗಲಕೋಟೆಯ ಸೀಮೆಯಲ್ಲಂತೂ ಈ ಅಲಕ್ಷ್ಯವು ಶೋಚನೀಯವೆಂದು ನನಗೆ ತೋರುತ್ತದೆ. ಏಕೆಂದರೆ ನೇಯ್ಗೆ, ಶಿಲಾಕರ್ಮಗಳೆಂಬ ಇಲ್ಲಿಯ ಎರಡು ಹಿರಿಯ ವಿದ್ಯೆಗಳು ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಒಂದನ್ನೊಂದು ಸಂಧಿಸುವುದು ಪರದೆಯ ಸಲಾಕೆಯಲ್ಲಿಯೇ. ಕೈಯಿಂದ ಕಟ್ಟಿದ ಕಲ್ಲಿನ ಮನೆಯಲ್ಲಿ ಒಂದು ಕಿಟಕಿಯ ಅಗಲ ಮತ್ತೊಂದರ ಅಗಲಕ್ಕೆ ಸರಿಹೊಂದುವುದಿಲ್ಲ. ಕಾರ್ಖಾನೆಯಾದರೋ ಎಲ್ಲ ಸಲಾಕೆಗಳನ್ನೂ ಒಂದೇ ಅಳತೆಗೆ ಕತ್ತರಿಸುತ್ತದೆ. ಈ ಎರಡರ ನಡುವಣ ಅಂತರವನ್ನು ತುಂಬುವ ಹೊಣೆ ಮೊದಲು ಹಗ್ಗದ ಗಂಟಿನ ಮೇಲೆ, ತರುವಾಯ ಬಡಿಗನ ಮೇಲೆ, ಕಟ್ಟಕಡೆಗೆ ಸಲಾಕೆಯ ಮೇಲೆಯೇ ಬಿದ್ದ ಬಗೆಯೇ ಈ ಸಾಧನಗಳ ಚರಿತ್ರೆಯೆಂದು ಹೇಳಬಹುದು.

ಹಳೆಯ ಮಾಳಿಗೆ ಮನೆಗೆ ಕಿಟಕಿಯ ಪರದೆಯೆಂಬುದು ಬೇಕೇ ಇರಲಿಲ್ಲ. ವರ್ಷದ ಮಳೆ ೬೦೦ ಮಿಲಿಮೀಟರನ್ನು ಸರಾಸರಿಯಲ್ಲಿ ಮುಟ್ಟದ, ಬೇಸಗೆಯ ತಾಪ ೪೦ ಡಿಗ್ರಿಯನ್ನು ಮೀರುವ ಈ ಪ್ರದೇಶದಲ್ಲಿ ಕಲ್ಲು ಮಣ್ಣುಗಳಿಂದ ಎರಡು ಮೂರು ಅಡಿ ದಪ್ಪಕ್ಕೆ ಎಬ್ಬಿಸಿದ ಗೋಡೆ, ತೊಲೆ ಜಂತಿಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಗೆಂದು ಬಿಟ್ಟ ಗವಾಕ್ಷಿ, ಬೀದಿಯ ಕಡೆಗೆ ಒಂದೆರಡು ಸಣ್ಣ ಕಿಂಡಿ, ಇಷ್ಟರಿಂದಲೇ ಮನೆಯೊಳಗೆ ತಂಪೂ ಮರೆಯೂ ಏಕಕಾಲದಲ್ಲಿ ಸಿದ್ಧಿಸುತ್ತಿದ್ದುವು. ಇದೇ ನಾಡಿನ ಚಾಲುಕ್ಯ ಶಿಲ್ಪಿಗಳು ಐಹೊಳೆಯ ಲಾಡಖಾನ ಗುಡಿಯಲ್ಲಿಯೂ, ರಾಣಿ ಲೋಕಮಹಾದೇವಿಯು ೮ನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿಯೂ ಕಲ್ಲನ್ನೇ ಜಾಲಂಧ್ರವಾಗಿ ಕೊರೆದು, ಬೆಳಕನ್ನು ಒಳಗೆ ಕರೆದು ಬಿಸಿಲನ್ನು ಹೊರಗೆ ತಡೆದಿದ್ದರು. ಆ ಜಾಲಂಧ್ರವು ಪರದೆಯ ಕಾರ್ಯವನ್ನು ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷ ನಿರ್ವಹಿಸಿರುವುದು ನಿಜ. ಆದರೆ ಬೇಕಾದಾಗ ಸರಿಸಿ, ಬೇಡವಾದಾಗ ಎಳೆದುಕೊಳ್ಳುವ ಸ್ವಾತಂತ್ರ್ಯವು ಅದರಲ್ಲಿರಲಿಲ್ಲ.

ಆ ಸ್ವಾತಂತ್ರ್ಯವು ಬೇಕಾದದ್ದು ಮನೆಯೊಳಗಿನ ಬಾಗಿಲುಗಳಿಗೆ. ಪಡಸಾಲೆಯಿಂದ ಒಳಕೋಣೆಗೆ, ವಿಶೇಷವಾಗಿ ಬಾಣಂತಿಯ ಕೋಣೆಗೆ, ಮರೆಯೊಂದು ಅವಶ್ಯವಾದಾಗ ಗೋಡೆಯಲ್ಲಿ ಹುಗಿದ ಎರಡು ಗೂಟಗಳ ನಡುವೆ ಹಗ್ಗವನ್ನು ಬಿಗಿದು, ಹಳೆಯ ಇಳಕಲ್ಲು ಸೀರೆಯೊಂದನ್ನು ಅದರ ಮೇಲೆ ಇಳಿಬಿಡುತ್ತಿದ್ದರು. ಈ ಸರಳ ವ್ಯವಸ್ಥೆಯನ್ನು ಅನಾಗರಿಕವೆಂದು ತಳ್ಳಿಹಾಕುವುದು ಸಲ್ಲದು. ಹಗ್ಗವು ಯಾವ ಅಗಲಕ್ಕಾದರೂ ಒಗ್ಗುವುದು, ಜೋತುಬಿದ್ದರೆ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಬಹುದು, ಕಾಸಿನ ವೆಚ್ಚವಿಲ್ಲ. ಅದರ ದೋಷವೆಂದರೆ, ಎಷ್ಟೇ ಬಿಗಿದರೂ ನಡುವೆ ತಗ್ಗುವುದು ಮತ್ತು ಬಟ್ಟೆಯು ಅದರ ಮೇಲೆ ಸುಲಭವಾಗಿ ಸರಿಯದಿರುವುದು. ಮುಂದೆ ಬಂದ ಸಾಧನಗಳೆಲ್ಲವೂ ಈ ಎರಡು ದೋಷಗಳ ಪರಿಹಾರಕ್ಕಾಗಿಯೇ ಹುಟ್ಟಿದುವು. ವಿಚಾರಿಸಿ ನೋಡಿದರೆ ಹಗ್ಗಕ್ಕಿದ್ದ ಆ ಹೊಂದಿಕೆಯ ಗುಣವನ್ನು ಮತ್ತೆ ಸಂಪಾದಿಸಲು ಅವುಗಳಿಗೆ ಬಹುಕಾಲ ಹಿಡಿಯಿತು.

ಮನೆಗಿಂತ ಮೊದಲು ಈ ವಿದ್ಯೆಯು ನೈಪುಣ್ಯವನ್ನು ಪಡೆದದ್ದು ರಂಗಭೂಮಿಯಲ್ಲಿ. ಬಾದಾಮಿಯ ಸಮೀಪದ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಸುಮಾರಿನಲ್ಲಿ ಬಂದು ಬೀಡುಬಿಡುವ ವೃತ್ತಿನಾಟಕ ಕಂಪನಿಗಳ ಬಿಡಾರಗಳನ್ನು ಬಲ್ಲವರಿಗೆ, ಅರಮನೆ, ಅರಣ್ಯ, ಬೀದಿಗಳನ್ನು ಬರೆದ ಆ ಭಾರವಾದ ಪರದೆಗಳು ಹಗ್ಗ, ರಾಟೆ, ಬಿದಿರುಗಳ ಬಲದಿಂದ ಸುರುಳಿಯಾಗಿ ಮೇಲೇರುವ ಪರಿಯನ್ನು ವರ್ಣಿಸಬೇಕಾದುದಿಲ್ಲ. ಊರಿಂದೂರಿಗೆ ತಿರುಗುವ ಕಂಪನಿಗೆ ಎಲ್ಲೆಡೆಯೂ ಒಂದೇ ಅಳತೆಯ ರಂಗಸ್ಥಳ ದೊರೆಯದು. ಆದಕಾರಣ ಪರದೆಯ ಕೋಲನ್ನು ಅಲ್ಲಲ್ಲಿಯ ಅಗಲಕ್ಕೆ ಹೊಂದಿಸಿ ಕಟ್ಟುವ, ಎರಡು ಬಿದಿರುಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಉದ್ದ ಮಾಡುವ ಕೈಚಳಕವು ರಂಗದ ಕೆಲಸಗಾರರಿಗೆ ಅನಿವಾರ್ಯವಾಗಿತ್ತು. ಹಿಗ್ಗುವ ಸಲಾಕೆಯ ತತ್ತ್ವವು ಅಲ್ಲಿಯೇ ಇದ್ದಿತು. ಅದನ್ನು ಲೋಹದಲ್ಲಿ ರೂಪಿಸಿ ಅಂಗಡಿಯ ಸರಕಾಗಿ ಮಾಡುವ ಕಾರ್ಯವು ಮಾತ್ರ ದೂರದ ದೇಶದಲ್ಲಿ ನಡೆಯಿತು.

ಆ ಕಾರ್ಯದಲ್ಲಿ ಅಗ್ರಗಣ್ಯನಾದವನು ಅಮೆರಿಕದ ಬ್ರೂಕ್ಲಿನ್ ನಗರದಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಸ್ಕಾಟ್ರನ್. ಕರಿಯ ಜನಾಂಗದವನಾದ ಈತನು, ತಮ್ಮ ತಲೆಯ ಎಲ್ಲ ಪಾರ್ಶ್ವಗಳನ್ನೂ ನೋಡಿಕೊಳ್ಳಬಯಸುವ ಕ್ಷೌರದಂಗಡಿಯ ಗಿರಾಕಿಗಳ ಅನುಕೂಲಕ್ಕಾಗಿ ೧೮೬೮ರಲ್ಲಿ ಓರೆಯನ್ನು ಬದಲಿಸಬಹುದಾದ ಕನ್ನಡಿಯೊಂದನ್ನು ನಿರ್ಮಿಸಿ ಏಕಸ್ವಾಮ್ಯವನ್ನು ಪಡೆದನು. ಉದ್ಯೋಗದ ನಡುವೆಯೇ ಕೂಪರ್ ಯೂನಿಯನ್ ವಿದ್ಯಾಸಂಸ್ಥೆಯಲ್ಲಿ ವ್ಯಾಸಂಗ ಮಾಡಿದನು. ತರುವಾಯ ತನ್ನ ಬುದ್ಧಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ೧೮೮೦ರಲ್ಲಿ ಕಿಟಕಿಯ ಅಗಲಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಮೇಲ್ಪಟ್ಟಿಗೂ, ೧೮೮೬ರಲ್ಲಿ ಸಲಾಕೆಯ ತುದಿಗೆ ತೊಡಿಸುವ ಗುಬಟಿಗೂ, ೧೮೯೨ರಲ್ಲಿ ಪರದೆಯ ಸಲಾಕೆಗೂ, ೧೮೯೩ರಲ್ಲಿ ಅದನ್ನು ಹೊರುವ ಆಧಾರಕ್ಕೂ ಒಂದೊಂದಾಗಿ ಹಕ್ಕುಪತ್ರ ಪಡೆದನು. ಈ ಅನುಕ್ರಮವನ್ನು ಗಮನಿಸುವುದು ಯುಕ್ತ. ಸಲಾಕೆಯೊಂದನ್ನು ಉತ್ತಮಪಡಿಸಿದರೆ ಸಾಲದು, ತುದಿ, ಆಧಾರ, ಮೇಲ್ಪಟ್ಟಿಗಳೂ ಅದರೊಡನೆ ಹೊಂದಿ ನಡೆಯಬೇಕೆಂಬುದನ್ನು ಹದಿಮೂರು ವರ್ಷಗಳ ಈ ಸಾಲು ಸಾಲಾದ ಪ್ರಯತ್ನವು ಸ್ಪಷ್ಟವಾಗಿ ತೋರಿಸುತ್ತದೆ. ಇಂದಿಗೂ ಅಗ್ಗದ ಸಾಧನಗಳು ಕೆಡುವುದು ಸಲಾಕೆಯ ದೋಷಕ್ಕಿಂತ ಹೆಚ್ಚಾಗಿ ಆಧಾರದ ದೋಷದಿಂದ. ಮಿಷಿಗನ್ ಪ್ರಾಂತದ ಸ್ಟರ್ಜಿಸ್ ಪಟ್ಟಣದಲ್ಲಿ ಚಾರ್ಲ್ಸ್ ಕಿರ್ಷ್ ೧೯೦೭ರಲ್ಲಿ ಬಳಕೆಗೆ ತಂದ, ಒಂದರೊಳಗೊಂದು ಜಾರುವ ಚಪ್ಪಟೆ ಸಲಾಕೆಯು ಈ ವಸ್ತುವನ್ನು ಸಾಮಾನ್ಯರ ಮನೆಗೆ ಮುಟ್ಟಿಸಿತು.

ಗೋಡೆಯ ಪ್ರಶ್ನೆಯು ಪ್ರತ್ಯೇಕವಾದುದು. ಮೊಳೆಯು ಕಟ್ಟಿಗೆಯಲ್ಲಿ ನಿಲ್ಲುವಂತೆ ಕಲ್ಲಿನಲ್ಲಿಯೂ ಮಣ್ಣಿನಲ್ಲಿಯೂ ನಿಲ್ಲದು. ಮಣ್ಣು ಉದುರುವುದು, ಕಲ್ಲು ಒಪ್ಪದು. ನಮ್ಮ ಗೌಂಡಿಗಳು ಗೋಡೆಯನ್ನು ಕೆತ್ತಿ ಕಟ್ಟಿಗೆಯ ಬೆಣೆಯನ್ನು ಹೊಡೆದು, ಅದರಲ್ಲಿ ಮೊಳೆಯನ್ನಾಗಲಿ ತಿರುಪನ್ನಾಗಲಿ ಕೂರಿಸುತ್ತಿದ್ದರು. ಬೇಸಗೆಯಲ್ಲಿ ಒಣಗಿ ಕುಗ್ಗಿದ ಬೆಣೆಯು ಪರದೆಯೊಡನೆ ಕೆಳಗೆ ಬೀಳುವುದೂ ಉಂಟು. ೧೯೧೧ರಲ್ಲಿ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ನಾರಿನ ಬೆಣೆಯನ್ನು ಕಂಡುಹಿಡಿದನು. ೧೯೫೮ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನ ಬೆಣೆಯನ್ನು ಮಾಡಿದನು. ತಿರುಪು ಒಳಹೊಕ್ಕಂತೆಲ್ಲ ಹಿಗ್ಗಿ ತೂತಿನ ಗೋಡೆಯನ್ನೇ ಕಚ್ಚುವ ಈ ಸಣ್ಣ ವಸ್ತುವನ್ನು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗಿಟ್ಟಿಯೆಂದು ಕೇಳಿ ಕೊಳ್ಳುತ್ತಾರೆ. ವಿದ್ಯುತ್ತಿನ ಡ್ರಿಲ್ಲು ಮತ್ತು ಗಿಟ್ಟಿ, ಈ ಎರಡು ಬಂದ ಮೇಲೆಯೇ ಕಲ್ಲಿನ ಮನೆಯವರು ಬೇಕೆಂದ ಸ್ಥಳದಲ್ಲಿ ಪರದೆಯನ್ನು ಕಟ್ಟಲು ಶಕ್ತರಾದರು.

ಅದಕ್ಕೂ ಮೊದಲು, ಬಹುಕಾಲ, ಮಧ್ಯಮವರ್ಗದ ಮನೆಗಳನ್ನು ಆಳಿದುದು ಸ್ಪ್ರಿಂಗಿನ ತಂತಿ. ಒತ್ತಾಗಿ ಸುತ್ತಿದ ಉಕ್ಕಿನ ಸುರುಳಿ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಎರಡು ತುದಿಗೂ ತಿರುಚಿ ಕೂರಿಸಿದ ಹುಕ್ಕು, ಚೌಕಟ್ಟಿನಲ್ಲಿ ಎರಡು ಕೊಂಡಿ: ಇಷ್ಟೇ ಅದರ ಸಾಮಗ್ರಿ. ಕಿಟಕಿಯ ಅಗಲಕ್ಕಿಂತ ತುಸು ಗಿಡ್ಡವಾಗಿ ಕತ್ತರಿಸಿ ಎಳೆದು ಸಿಕ್ಕಿಸಿದರೆ ಅದು ತನ್ನ ಬಿಗುವಿನಿಂದಲೇ ನಿಲ್ಲುವುದು. ಹಗ್ಗದ ಹೊಂದಿಕೆಗೆ ಲೋಹದ ಬಾಳಿಕೆಯನ್ನು ಕೂಡಿಸಿದ ಈ ತಂತಿಯನ್ನು ನಾನು ಬಡವರ ಪಾಲಿನ ಉತ್ತಮ ಆವಿಷ್ಕಾರವೆಂದೇ ಭಾವಿಸುತ್ತೇನೆ. ತೆಳುವಾದ ಅರೆಪರದೆಗೆ ಅದು ಈಗಲೂ ಸಾಕು. ಬಾಗಿಲಿನ ಪೂರ್ಣಪರದೆಗೆ ಸಾಲದು, ಕೆಲವೇ ವರ್ಷಗಳಲ್ಲಿ ಸೋತು ನಡುವೆ ಜೋಲುತ್ತದೆ.

ಈ ಸೀಮೆಯ ಕಿಟಕಿಗಳೇ ಬದಲಾದುದು ಕೃಷ್ಣಾ ನದಿಯ ದೆಸೆಯಿಂದ. ೧೯೬೪ರ ಮೇ ೨೨ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಅಣೆಕಟ್ಟಿನ ಹಿನ್ನೀರು, ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಆವರಿಸುವುದೆಂದು ನಿಶ್ಚಿತವಾದಾಗ, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಯೋಜನೆಯಂತೆ ನವನಗರವು ಎತ್ತರದ ನೆಲದಲ್ಲಿ ಎದ್ದಿತು. ೧೯೯೭ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯೂ ಆಯಿತು. ಮುಳುಗುವ ಮನೆಯಿಂದ ತೊಲೆ, ಬಾಗಿಲು, ಚೌಕಟ್ಟುಗಳನ್ನು ಕಳಚಿ ತಂದ ಕುಟುಂಬಗಳು ಸಿಮೆಂಟಿನ ತೆಳುಗೋಡೆಯ, ಅಗಲವಾದ ಕಿಟಕಿಗಳ ಮನೆಗಳನ್ನು ಕಟ್ಟಿಸಿಕೊಂಡರು. ಒಂಬತ್ತಂಗುಲದ ಗೋಡೆಯು ಬಿಸಿಲನ್ನು ತಡೆಯದು. ನಾಲ್ಕಡಿ ಅಗಲದ ಕಿಟಕಿಯು ಬೀದಿಯನ್ನು ಮನೆಯೊಳಕ್ಕೆ ತರುವುದು. ಹೀಗೆ ತಲೆಮಾರುಗಳಿಂದ ಕಿಟಕಿಯ ಪರದೆಯನ್ನೇ ಅರಿಯದಿದ್ದ ಮನೆತನಗಳಿಗೆ ಒಮ್ಮೆಲೆ ಹತ್ತಾರು ಸಲಾಕೆಗಳು ಬೇಕಾದುವು. ಊರನ್ನು ಕಳೆದುಕೊಂಡವರ ದುಃಖದೆದುರಿಗೆ ಈ ಸಂಗತಿ ಅತ್ಯಲ್ಪವೆಂಬುದನ್ನು ಬಲ್ಲೆ. ಆದರೂ ದಪ್ಪ ಗೋಡೆ ಮಾಡುತ್ತಿದ್ದ ಕೆಲಸವನ್ನು ಬಟ್ಟೆಯಿಂದ ಮಾಡಿಸಬೇಕಾಗಿ ಬಂದ ಆ ಗೃಹಿಣಿಯರ ಕಷ್ಟವನ್ನು ಯಾರೂ ದಾಖಲಿಸಿಲ್ಲವೆಂಬ ಕೊರಗು ನನ್ನಲ್ಲಿ ಉಳಿದಿದೆ. ಬೇಡಿಕೆಯೊಡನೆ ಸಾಮಗ್ರಿಯೂ ಹೆಚ್ಚಿತು. ಇಂಡಿಯನ್ ಅಲ್ಯುಮಿನಿಯಂ ಕಂಪನಿಯು ೧೯೭೦ರ ಸುಮಾರಿಗೆ ನೆರೆಯ ಬೆಳಗಾವಿಯಲ್ಲಿಯೇ ಕಾರ್ಖಾನೆ ನಡೆಸತೊಡಗಿತ್ತು. ದೇಶದಲ್ಲಿ ಆ ಲೋಹವು ಸುಲಭವಾದಂತೆಲ್ಲ ತುಕ್ಕು ಹಿಡಿಯುವ ಕಬ್ಬಿಣದ ಪೈಪಿನ ಸ್ಥಾನವನ್ನು ಹಗುರವಾದ ಅಲ್ಯುಮಿನಿಯಂ ಕೊಳವೆಯೂ ಚಾನೆಲ್ಲೂ, ತರುವಾಯ ಸ್ಟೀಲಿನ ಪೈಪೂ ಆಕ್ರಮಿಸಿದುವು.

ಇನ್ನು ಹಿಗ್ಗುವ ರಾಡಿನ ಶಾಸ್ತ್ರವನ್ನು ವಿಚಾರಿಸೋಣ. ಹೊರಕೊಳವೆಯು ಸಾಮಾನ್ಯವಾಗಿ ೨೫ ಮಿಲಿಮೀಟರಿನದು. ಒಳಕೊಳವೆ ೨೨ರದೆಂದು ಭಾವಿಸಿದರೆ, ಲೋಹದ ದಪ್ಪ ಒಂದೇ ಇದ್ದರೂ ಒಳಗಿನದರ ಬಿಗುಪು ಹೊರಗಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ, ಏಕೆಂದರೆ ತೆಳುಕೊಳವೆಯ ಬಿಗುಪು ವ್ಯಾಸದ ಘನವನ್ನು ಅನುಸರಿಸುತ್ತದೆ. ಅದಕ್ಕಿಂತ ಗಂಭೀರವಾದುದು ಉದ್ದದ ಪ್ರಭಾವ. ಒಂದೇ ಸಮನಾಗಿ ಹರಡಿದ ಭಾರದಿಂದ ಸಲಾಕೆಯು ತಗ್ಗುವ ಪ್ರಮಾಣವು ಉದ್ದದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ಮೂರಡಿಯ ಕಿಟಕಿಯಲ್ಲಿ ನೇರವಾಗಿ ನಿಂತ ರಾಡನ್ನು ಆರಡಿಗೆ ಎಳೆದರೆ ತಗ್ಗು ಎರಡರಷ್ಟಾಗದೆ ಹದಿನಾರರಷ್ಟಾಗುವುದು. ನಾಲ್ಕಡಿ ಅಗಲ, ಏಳಡಿ ಎತ್ತರದ ತೆರವಿಗೆ ನೆರಿಗೆಗಾಗಿ ಎರಡರಷ್ಟು ಅಗಲದ ಹತ್ತಿಯ ಬಟ್ಟೆಯನ್ನಿಟ್ಟರೆ ಭಾರವು ಸುಮಾರು ಒಂದು ಕಿಲೋ. ಅಸ್ತರಿಯಿದ್ದರೆ ಅದಕ್ಕೂ ಹೆಚ್ಚು. ಡಬ್ಬಿಯ ಮೇಲೆ ಅಚ್ಚಾದ ಗರಿಷ್ಠ ಉದ್ದವು ರಾಡು ಎಷ್ಟು ಹಿಗ್ಗೀತೆಂಬುದನ್ನು ತಿಳಿಸುವುದೇ ಹೊರತು ಎಷ್ಟನ್ನು ಹೊತ್ತೀತೆಂಬುದನ್ನು ತಿಳಿಸುವುದಿಲ್ಲ. ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಐದಡಿಗೆ ಮೀರಿದ ಅಗಲಕ್ಕೆ ನಡುವೆ ಮೂರನೆಯ ಬ್ರಾಕೆಟ್ಟನ್ನು ಕೊಡುವುದು ವಿಹಿತ.

ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಉಳಿದ ಹಳೆಯ ಮನೆಗಳಿಗೆ ನಿಜವಾಗಿ ಒಪ್ಪುವ ಸಾಧನವು ಬೇರೊಂದಿದೆ. ಒಳಗೆ ಸ್ಪ್ರಿಂಗು ಅಥವಾ ತಿರುಪು, ತುದಿಗಳಲ್ಲಿ ರಬ್ಬರಿನ ಟೊಪ್ಪಿಗೆಗಳಿದ್ದು, ತಿರುವಿದಂತೆಲ್ಲ ಹಿಗ್ಗಿ ಎರಡು ಕಡೆಯ ಗೋಡೆಗಳನ್ನೂ ಒತ್ತಿ ಹಿಡಿದು ನಿಲ್ಲುವ ರಾಡು ಅದು. ಮೊಳೆ ಬೇಡ, ತೂತು ಬೇಡ. ಇದರ ತತ್ತ್ವವು ನಮ್ಮ ನೇಕಾರರಿಗೆ ಅಪರಿಚಿತವಲ್ಲ: ಮಗ್ಗದ ಮೇಲೆ ನೇಯ್ದ ಬಟ್ಟೆಯ ಅಗಲವು ಕುಗ್ಗದಂತೆ ಅಂಚಿನಿಂದ ಅಂಚಿಗೆ ಒತ್ತಿ ಹಿಡಿಯುವ, ತುದಿಯಲ್ಲಿ ಸೂಜಿಗಳುಳ್ಳ, ಅಗಲಕ್ಕೆ ತಕ್ಕಂತೆ ಬಿಗಿಯಬಹುದಾದ ಜೋಡುಕೋಲು ಮಾಡುವ ಕೆಲಸವೂ ಇದೇ. ಗ್ರಾನೈಟಿನ ಚೌಕಟ್ಟನ್ನು ಕೊರೆಯುವುದು ಪ್ರಯಾಸದ ಕೆಲಸ. ಕೊರೆದರೆ ಅಂಚು ಚಕ್ಕೆಯೇಳುವ ಭಯ. ಎರಡಡಿ ಆಳದ ಗೋಡೆಯ ಒಳಪಾರ್ಶ್ವಗಳಾದರೋ ಒತ್ತುವ ರಾಡಿಗೆ ಹೇಳಿಮಾಡಿಸಿದ ಆಸರೆ. ಆದರೆ ಅದು ನಿಲ್ಲುವುದು ಘರ್ಷಣೆಯ ಬಲದಿಂದ ಮಾತ್ರ. ಆದುದರಿಂದ ಮೆರುಗು ಕೊಟ್ಟ ನುಣುಪು ಗ್ರಾನೈಟಿಗಿಂತ ಬಾದಾಮಿಯ ಒರಟು ಮರಳುಗಲ್ಲೇ ಅದಕ್ಕೆ ಹಿತ, ಮತ್ತು ಉದುರುವ ಮಣ್ಣಿನ ಗಿಲಾವಿನ ಮೇಲೆ ಅದನ್ನು ನಂಬಲಾಗದು. ರಬ್ಬರು ಬೇಸಗೆಯ ಕಾವಿಗೆ ಗಡಸಾಗುವುದರಿಂದ ಪ್ರತಿ ವರ್ಷವೂ ಒಮ್ಮೆ ಅದನ್ನು ಪರೀಕ್ಷಿಸಿ ಬಿಗಿಯಬೇಕು.

ಛಾವಣಿಗೆ ಕೂರಿಸುವ ಎಂ-ಟ್ರ್ಯಾಕು, ನೈಲಾನಿನ ಗಾಲಿಗಳು, ಐಲೆಟ್ ಪರದೆಗಳು, ಗುಂಡಿಯೊತ್ತಿದರೆ ಸರಿಯುವ ಮೋಟಾರಿನ ಪರದೆಗಳು, ಇವೆಲ್ಲ ಇಂದಿನ ಅಂಗಡಿಗಳಲ್ಲಿವೆ. ಅವುಗಳಲ್ಲಿ ಟ್ರ್ಯಾಕಿನ ಉಪಯೋಗವೇ ಅಧಿಕ, ಮೋಟಾರಿನದು ವೈಭವವೇ ಅಧಿಕ. ಹಗ್ಗದ ಕುಣಿಕೆಯುಳ್ಳ ಬ್ಲೈಂಡುಗಳನ್ನು ಎಳೆಯ ಮಕ್ಕಳಿರುವ ಮನೆಯಲ್ಲಿ ಕಟ್ಟಲೇಬಾರದು. ಆ ಕುಣಿಕೆಯು ಅನೇಕ ದೇಶಗಳಲ್ಲಿ ಶಿಶುಗಳ ಕೊರಳಿಗೆ ಉರುಲಾಗಿರುವುದು ಸಿದ್ಧಪಟ್ಟ ಸಂಗತಿ.

ಹಿಗ್ಗುವ ರಾಡಿನಲ್ಲಿ ಇನ್ನೂ ಪರಿಹಾರವಾಗದೆ ಉಳಿದ ಒಂದು ಕುಂದು ಅದರ ಸಂದಿಯಲ್ಲಿದೆ. ಒಳಕೊಳವೆಯು ಹೊರಕೊಳವೆಯಿಂದ ಹೊರಬರುವ ಸ್ಥಾನದಲ್ಲಿ ಉಂಟಾಗುವ ಸಣ್ಣ ಮೆಟ್ಟಿಲಿಗೆ ರಿಂಗು ತಡೆದು ನಿಲ್ಲುವುದು; ರಾಡನ್ನು ಮೇಲಂಚಿನ ಹೊಲಿದ ಮಡಿಕೆಯಲ್ಲಿಯೇ ತೂರಿಸಿದ ಪರದೆಯಾದರೆ ಆ ಹರಿತ ಅಂಚಿಗೆ ಎಳೆ ಸಿಕ್ಕಿ ಕೀಳುವುದು. ಇಳಕಲ್ಲು ಸೀರೆಯ ರೇಷ್ಮೆಯ ತೋಪು ತೆನೆಯ ಸೆರಗನ್ನೋ ಗುಳೇದಗುಡ್ಡದ ಖಣವನ್ನೋ ಪರದೆಯಾಗಿ ಹೊಲಿಸುವ ಅಭಿರುಚಿಯು ಹೆಚ್ಚುತ್ತಿರುವಾಗ ಈ ಹಾನಿಯನ್ನು ಅಲ್ಪವೆನ್ನಲಾಗದು. ಒಂದೇ ಪಾಟಿನ ಪರದೆಯಾದರೆ ಸಂದಿಯನ್ನು ಒಂದು ತುದಿಯ ಸಮೀಪಕ್ಕೆ ತಳ್ಳಬೇಕು. ಎರಡು ಪಾಟಿನದಾದರೆ ಸಂದಿಯು ನಡುವೆ ಇರಬಹುದು, ಯಾವ ರಿಂಗೂ ಅದನ್ನು ದಾಟಬೇಕಾಗದು. ಆದರೆ ಬಾಗುವ ಒತ್ತಡವು ನಡುವೆಯೇ ಅತ್ಯಧಿಕವಾದುದರಿಂದ ಅಲ್ಲಿ ಬ್ರಾಕೆಟ್ಟು ಕಡ್ಡಾಯ. ತಯಾರಕರು ಹೊರಕೊಳವೆಯ ಬಾಯನ್ನು ಉಜ್ಜಿ ದುಂಡಾಗಿಸಿ, ಇಳಿಜಾರಾದ ಒಂದು ಬಳೆಯನ್ನು ಅಲ್ಲಿ ತೊಡಿಸಿ, ಎರಡು ಕೊಳವೆಗಳು ಕನಿಷ್ಠ ಅರ್ಧ ಅಡಿಯಾದರೂ ಒಂದರೊಳಗೊಂದು ಉಳಿಯುವಂತೆ ಗುರುತು ಹಾಕಿ ಮಾರುವುದು ಹೆಚ್ಚಿನ ವೆಚ್ಚದ ಮಾತಲ್ಲ. ಅಲ್ಲಿಯವರೆಗೆ ಅಂಗಡಿಯಲ್ಲಿ ಪೈಪಿನ ಬಾಯಿಗೆ ಬೆರಳಾಡಿಸಿ, ತನ್ನ ಬಟ್ಟೆಯ ತುಣುಕೊಂದನ್ನು ಅದರ ಮೇಲೆ ಎಳೆದು ನೋಡಿದ ಮೇಲೆಯೇ ಗಿರಾಕಿಯು ರೊಕ್ಕ ಕೊಡತಕ್ಕದ್ದು.